ಮಿದುಳಿನ ಅಲೆಗಳನ್ನು ಕಂಡ ಹಾನ್ಸ್ ಬರ್ಗರ್

ಗುಂಡ್ಲುಪೇಟೆಯಿಂದ ಚಾಮರಾಜನಗರದವರೆಗೆ ಹಬ್ಬಿರುವ ಬಯಲುಸೀಮೆಗೆ ಒಂದು ಕಡೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟ ಕಾವಲು ನಿಂತಿವೆ. ಆ ಸೀಮೆಯ ಹಳ್ಳಿಗಳಲ್ಲಿ ತಲೆಗೆ ನೀರೆರೆದುಕೊಳ್ಳುವುದೆಂದರೆ ಒಂದು ಸಂಭ್ರಮ. ಹಂಡೆಯ ತುಂಬ ನೀರು ಕಾಯಿಸಿ, ಮೈಗೆ ಎಣ್ಣೆ ತಿಕ್ಕಿ, ಹಬೆಯಾಡುವ ನೀರನ್ನು ಚೊಂಬಿನಲ್ಲಿ ಮೊಗೆಮೊಗೆದು ನೆತ್ತಿಯ ಮೇಲೆ ಸುರಿದಾಗಲೇ ಸ್ನಾನ ಮಾಡಿದ ತೃಪ್ತಿ. ಆದರೆ ಕೆಲವು ಮನೆಗಳಲ್ಲಿ ಈ ಸಂಭ್ರಮ ಥಟ್ಟನೆ ಭಯಕ್ಕೆ ತಿರುಗುವುದುಂಟು. ನಾಲ್ಕಾರು ಚೊಂಬು ನೀರು ತಲೆಯ ಮೇಲೆ ಬೀಳುತ್ತಿದ್ದಂತೆಯೇ ಮಗುವಿನ ನೋಟ ಮಂಕಾಗುತ್ತದೆ, ಮಾತು ತೊದಲುತ್ತದೆ, ಕೆಲವೊಮ್ಮೆ ಕೈಕಾಲು ಸೆಟೆದು ಅದು ಬಚ್ಚಲಿನಲ್ಲಿಯೇ ಕುಸಿದುಬೀಳುತ್ತದೆ. ಹಿಂದಿನವರು ಇದನ್ನು ಗಾಳಿಯ ಸೋಂಕೆಂದರು, ದೇವರ ಮುನಿಸೆಂದರು. ಎಚ್ಚರ ತಪ್ಪಿದವನ ಕೈಯಲ್ಲಿ ಬೀಗದ ಕೈಯನ್ನೋ ಕಬ್ಬಿಣದ ತುಂಡನ್ನೋ ಇಟ್ಟರು. ಹರಕೆ ಹೊತ್ತರು.

ಇದು ದೇವರ ಮುನಿಸಲ್ಲ, ಮಿದುಳಿನ ಒಂದು ವ್ಯಾಧಿ ಎಂಬುದನ್ನು ವೈದ್ಯರು ಇಂದು ಬಲ್ಲರು. ಬಿಸಿನೀರಿನ ಅಪಸ್ಮಾರ ಎಂದು ಅದಕ್ಕೆ ಹೆಸರು. ದಕ್ಷಿಣ ಕರ್ನಾಟಕದಲ್ಲಿ ಅದು ಕಾಣಿಸುವಷ್ಟು ಹೆಚ್ಚಾಗಿ ಜಗತ್ತಿನ ಬೇರೆ ಕಡೆಗಳಲ್ಲಿ ಕಾಣಿಸುವುದು ಅಪರೂಪ. ಮೂರ್ಛೆ ಬಂದಾಗ ಮಿದುಳಿನೊಳಗೆ ವಿದ್ಯುತ್ತಿನ ಒಂದು ಬಿರುಗಾಳಿ ಏಳುತ್ತದೆ. ತಲೆಬುರುಡೆಯ ಮರೆಯಲ್ಲಿ ಏಳುವ ಈ ಬಿರುಗಾಳಿಯನ್ನು ಕಣ್ಣಿಗೆ ಕಾಣುವಂತೆ ಕಾಗದದ ಮೇಲೆ ಇಳಿಸಬಹುದೆಂದು ತೋರಿಸಿಕೊಟ್ಟವರು ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್. ಅವರು ಚಾಮರಾಜನಗರದ ಹೆಸರನ್ನೂ ಕೇಳಿರಲಾರರು. ಬಿಸಿನೀರಿನಿಂದ ಮೂರ್ಛೆ ಬರುವ ಮಕ್ಕಳ ಕಥೆಯೂ ಅವರಿಗೆ ತಿಳಿದಿರಲಾರದು. ಆದರೂ ಅವರ ದುಡಿಮೆಯ ಫಲ ಈ ಸೀಮೆಯ ಮನೆಬಾಗಿಲಿಗೂ ಬಂದು ತಲಪಿದೆ. ಅವರ ಬದುಕು ಅಚ್ಚರಿಗಳಿಂದ ಕೂಡಿದ್ದು. ಕೊಂಚ ಕಹಿಯಾದದ್ದೂ ಹೌದು.

ಹಾನ್ಸ್ ಬರ್ಗರ್ 1873ನೆಯ ಇಸವಿ ಮೇ 21ರಂದು ಜರ್ಮನಿಯ ಕೋಬುರ್ಗ್ ನಗರದ ಪಕ್ಕದ ನಾಯ್ಸೆಸ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಪೌಲ್ ಬರ್ಗರ್ ವೈದ್ಯರು. ತಾಯಿ ಅನ್ನಾ ಪ್ರಸಿದ್ಧ ಕವಿ ಫ್ರೀಡ್ರಿಕ್ ರೂಕೆರ್ಟರ ಮಗಳು. ಈ ರೂಕೆರ್ಟರು ಕವಿಗಳಷ್ಟೇ ಅಲ್ಲ, ಪೂರ್ವದೇಶಗಳ ಹಲವು ಭಾಷೆಗಳನ್ನು ಬಲ್ಲ ದೊಡ್ಡ ವಿದ್ವಾಂಸರು. ಸಂಸ್ಕೃತವನ್ನು ಕಲಿತು, ಮಹಾಭಾರತದ ನಳ ದಮಯಂತಿಯರ ಕಥೆಯನ್ನು ಜರ್ಮನ್ ಭಾಷೆಗೆ ತಂದವರು. ಮೊಮ್ಮಗ ಹುಟ್ಟುವ ಮೊದಲೇ ಅವರು ತೀರಿಕೊಂಡಿದ್ದರೂ ಅವರ ಹೆಸರಿನ ನೆರಳು ಆ ಮನೆಯ ಮೇಲೆ ಹರಡಿಕೊಂಡಿತ್ತು. ಹೀಗೆ ತಂದೆಯ ಕಡೆಯಿಂದ ವೈದ್ಯವಿದ್ಯೆಯೂ ತಾಯಿಯ ಕಡೆಯಿಂದ ಕಾವ್ಯ ಮತ್ತು ತತ್ತ್ವಚಿಂತನೆಯೂ ಬಾಲಕನಿಗೆ ಬಳುವಳಿಯಾಗಿ ಬಂದವು.

ಬಾಲಕ ಹಾನ್ಸನಿಗೆ ಒಲವಿದ್ದುದು ಇವೆರಡರಲ್ಲಿಯೂ ಅಲ್ಲ. ಆಕಾಶದ ನಕ್ಷತ್ರಗಳು ಅವನನ್ನು ಸೆಳೆದಿದ್ದವು. ಖಗೋಳಶಾಸ್ತ್ರಜ್ಞನಾಗಬೇಕೆಂಬ ಹಂಬಲದಿಂದ 1892ರಲ್ಲಿ ಅವನು ಗಣಿತದ ವ್ಯಾಸಂಗಕ್ಕೆಂದು ವಿಶ್ವವಿದ್ಯಾನಿಲಯವನ್ನು ಸೇರಿದನು. ಆದರೆ ಅಲ್ಲಿ ಮನಸ್ಸು ನಿಲ್ಲಲಿಲ್ಲ. ಓದನ್ನು ನಿಲ್ಲಿಸಿ, ಒಂದು ವರ್ಷದ ಸೇವೆಗೆಂದು ಕುದುರೆಯ ಪಡೆಯನ್ನು ಸೇರಿಕೊಂಡನು. ಅವನ ಬಾಳಿನ ದಿಕ್ಕನ್ನು ಬದಲಿಸಿದ ಘಟನೆ ನಡೆದದ್ದು ಅಲ್ಲಿ.

ಒಂದು ದಿನ ಕವಾಯತಿನ ವೇಳೆಯಲ್ಲಿ ಹಾನ್ಸ್ ಏರಿದ್ದ ಕುದುರೆ ಬೆದರಿ ಮುಂಗಾಲೆತ್ತಿ ನಿಂತಿತು. ಸವಾರ ನೆಲಕ್ಕುರುಳಿದನು. ಕುದುರೆಗಳು ಎಳೆದುಕೊಂಡು ಬರುತ್ತಿದ್ದ ಭಾರವಾದ ಫಿರಂಗಿಯೊಂದು ನೇರವಾಗಿ ಅವನ ಎದುರಿಗೇ ಬಂದಿತು. ಇನ್ನೊಂದು ಗಳಿಗೆ ತಡವಾಗಿದ್ದರೆ ಅದರ ಗಾಲಿ ಅವನ ಮೇಲೆ ಹಾಯುತ್ತಿತ್ತು. ಹೇಗೋ ಫಿರಂಗಿಯ ಬಂಡಿ ನಿಂತಿತು, ಯುವಕ ಬದುಕಿಕೊಂಡನು. ಅಂದು ಸಂಜೆ ತಂದೆಯಿಂದ ಅವನಿಗೆ ತಂತಿ ಬಂದಿತು. ಮಗನ ಕ್ಷೇಮವನ್ನು ವಿಚಾರಿಸಿ ತಂದೆ ಹಿಂದೆಂದೂ ತಂತಿ ಕಳಿಸಿದವರಲ್ಲ. ಆ ದಿನ ದೂರದ ಊರಿನಲ್ಲಿದ್ದ ಅಕ್ಕನಿಗೆ, ತಮ್ಮನಿಗೆ ಏನೋ ಕೇಡು ಒದಗಿದೆ ಎಂಬ ತಳಮಳ ಇದ್ದಕ್ಕಿದ್ದಂತೆ ಹುಟ್ಟಿತಂತೆ. ಅವಳ ಒತ್ತಾಯಕ್ಕೆ ತಂದೆ ತಂತಿ ಕಳಿಸಿದ್ದರು.

ಇದು ಆಕಸ್ಮಿಕವೆಂದು ಬೇರೊಬ್ಬರಾಗಿದ್ದರೆ ಮರೆತುಬಿಡುತ್ತಿದ್ದರು. ಹಾನ್ಸನಿಗೆ ಮರೆಯಲಾಗಲಿಲ್ಲ. ಸಾವಿನ ಎದುರಿನಲ್ಲಿ ತನ್ನ ಮನಸ್ಸಿನಿಂದ ಹೊರಟ ಯಾವುದೋ ಶಕ್ತಿ ಅಕ್ಕನ ಮನಸ್ಸನ್ನು ಮುಟ್ಟಿತೆಂದು ಅವನು ದೃಢವಾಗಿ ನಂಬಿದನು. ಹಾಗಾದರೆ ಮನಸ್ಸೆಂಬುದು ಒಂದು ಶಕ್ತಿಯೇ? ಶಕ್ತಿಯಾದರೆ ಅದನ್ನು ಅಳೆಯಲು ಬರಬೇಕಲ್ಲವೇ? ಈ ಪ್ರಶ್ನೆ ಅವನನ್ನು ಕಡೆಯವರೆಗೂ ಬಿಡಲಿಲ್ಲ. ನಕ್ಷತ್ರಗಳ ಕಡೆಗಿದ್ದ ದೃಷ್ಟಿ ಮನುಷ್ಯನ ತಲೆಯೊಳಕ್ಕೆ ತಿರುಗಿತು. ಸೈನ್ಯದ ಸೇವೆ ಮುಗಿದೊಡನೆ ಅವನು ವೈದ್ಯಶಾಸ್ತ್ರದ ವ್ಯಾಸಂಗವನ್ನು ಕೈಗೊಂಡನು.

1897ರಲ್ಲಿ ಯೇನಾ ವಿಶ್ವವಿದ್ಯಾನಿಲಯದಿಂದ ವೈದ್ಯ ಪದವಿ ಪಡೆದ ಬರ್ಗರರು ಅಲ್ಲಿಯ ಮನೋರೋಗ ಚಿಕಿತ್ಸಾಲಯದಲ್ಲಿ ಓಟೋ ಬಿನ್ಸ್‌ವಾಂಗರ್ ಎಂಬ ಹೆಸರಾಂತ ವೈದ್ಯರ ಸಹಾಯಕರಾಗಿ ಸೇರಿದರು. ಮುಂದೆ ನಾಲ್ಕು ದಶಕಗಳ ಕಾಲ ಅವರ ಕರ್ಮಭೂಮಿ ಅದೇ ಆಯಿತು. ನರರೋಗ, ಮನೋರೋಗಗಳೆರಡನ್ನೂ ಒಬ್ಬನೇ ವೈದ್ಯ ನೋಡುತ್ತಿದ್ದ ಕಾಲವದು. ಹಗಲೆಲ್ಲ ರೋಗಿಗಳ ಆರೈಕೆ, ವಿದ್ಯಾರ್ಥಿಗಳಿಗೆ ಪಾಠ. ಇವೆರಡರ ನಡುವೆ ಬಿಡುವು ಮಾಡಿಕೊಂಡು ತಮ್ಮ ಪ್ರಶ್ನೆಯ ಬೆನ್ನು ಹತ್ತುವುದು ಅವರ ದಿನಚರಿಯಾಯಿತು.

ಅವರ ತರ್ಕ ಸರಳವಾಗಿತ್ತು. ಉಂಡ ಅನ್ನ ರಕ್ತವಾಗಿ ಮಿದುಳಿಗೆ ಹೋಗುತ್ತದೆ. ಅಲ್ಲಿ ರಾಸಾಯನಿಕ ಕ್ರಿಯೆ ನಡೆದು ಶಕ್ತಿ ಬಿಡುಗಡೆಯಾಗುತ್ತದೆ. ಆ ಶಕ್ತಿಯ ಒಂದು ಪಾಲು ಶಾಖವಾಗಿ, ಒಂದು ಪಾಲು ವಿದ್ಯುತ್ತಾಗಿ ಹೊರಬರುತ್ತದೆ. ಇವೆರಡನ್ನೂ ಅಳೆದು ಒಟ್ಟು ಶಕ್ತಿಯಿಂದ ಕಳೆದರೆ ಉಳಿಯುವುದೇ ಮನಸ್ಸಿನ ಶಕ್ತಿ. ಅಂಗಡಿಯ ಲೆಕ್ಕದಂತೆ ಕಾಣುವ ಈ ತರ್ಕವನ್ನು ಪ್ರಯೋಗಕ್ಕೆ ಒಡ್ಡುವುದು ಮಾತ್ರ ಸುಲಭವಾಗಿರಲಿಲ್ಲ. ಕಲ್ಲಿನಂತಹ ಬುರುಡೆಯೊಳಗೆ ಅಡಗಿ ಕುಳಿತ ಅಂಗವನ್ನು ಅಳೆಯುವುದಾದರೂ ಹೇಗೆ?

ಬರ್ಗರರು ಮೊದಲು ರಕ್ತದ ಚಲನೆಯಿಂದ ಆರಂಭಿಸಿದರು. ಪೆಟ್ಟಿನಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಬುರುಡೆಯ ಮೂಳೆ ಒಂದೆಡೆ ಇಲ್ಲವಾಗಿ, ಚರ್ಮದ ಕೆಳಗೆ ಮಿದುಳಿನ ಮಿಡಿತ ಕೈಗೆ ಸಿಗುವಂತಿದ್ದ ರೋಗಿಗಳನ್ನು ಅವರು ಗಮನಿಸಿದರು. ಸಂತೋಷ, ಭಯ, ಗಮನ, ಔಷಧ ಇವುಗಳಿಂದ ಆ ಮಿಡಿತ ಹೇಗೆ ಬದಲಾಗುವುದೆಂದು ಅಳೆದು 1901ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅನಂತರ ಶಾಖದ ಸರದಿ. ಅತಿ ಸೂಕ್ಷ್ಮವಾದ ಉಷ್ಣಮಾಪಕದಿಂದ ಮಿದುಳಿನ ತಾಪವನ್ನು ಅಳೆದು 1910ರಲ್ಲಿ ಇನ್ನೊಂದು ಗ್ರಂಥವನ್ನು ಹೊರತಂದರು. ಎರಡರಿಂದಲೂ ಅವರ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ಸಿಗಲಿಲ್ಲ. ಉಳಿದದ್ದು ವಿದ್ಯುತ್ತೊಂದೇ.

ಪ್ರಾಣಿಗಳ ಮಿದುಳಿನಲ್ಲಿ ವಿದ್ಯುತ್ ಪ್ರವಾಹವಿದೆ ಎಂಬುದನ್ನು ಇಂಗ್ಲೆಂಡಿನ ರಿಚರ್ಡ್ ಕೇಟನ್ ಎಂಬ ವೈದ್ಯರು 1875ರಷ್ಟು ಹಿಂದೆಯೇ ತೋರಿಸಿದ್ದರು. ಮೊಲಗಳ ಮತ್ತು ಕೋತಿಗಳ ತೆರೆದ ಮಿದುಳಿನ ಮೇಲೆ ಅವರು ಪ್ರಯೋಗ ನಡೆಸಿದ್ದರು. ಆದರೆ ಮನುಷ್ಯನಲ್ಲಿ ಯಾರೂ ಅದನ್ನು ಕಂಡಿರಲಿಲ್ಲ. ಬರ್ಗರರು 1902ರಲ್ಲಿ ನಾಯಿಗಳ ಮೇಲೆ ಪ್ರಯತ್ನಿಸಿ ಸೋತರು. ಮತ್ತೆ ಪ್ರಯತ್ನಿಸಿದರು, ಮತ್ತೆ ಸೋತರು. ಉಪಕರಣಗಳು ಒರಟಾಗಿದ್ದವು. ಬರ್ಗರರಿಗೆ ಭೌತವಿಜ್ಞಾನದಲ್ಲಾಗಲಿ ಯಂತ್ರಗಳ ಕೆಲಸದಲ್ಲಾಗಲಿ ವಿಶೇಷ ಪರಿಣತಿಯೂ ಇರಲಿಲ್ಲ. 1911ರಲ್ಲಿ ಅವರು ತಮ್ಮ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ಉರ್ಸುಲಾ ಫಾನ್ ಬ್ಯೂಲೋ ಎಂಬಾಕೆಯನ್ನು ವರಿಸಿದರು. ದಂಪತಿಗಳಿಗೆ ನಾಲ್ವರು ಮಕ್ಕಳಾದರು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂದಿತು. ಬರ್ಗರರು ಪಶ್ಚಿಮ ರಣರಂಗದಲ್ಲಿ ಸೈನ್ಯದ ಮನೋವೈದ್ಯರಾಗಿ ದುಡಿದರು. 1919ರಲ್ಲಿ ಗುರುಗಳಾದ ಬಿನ್ಸ್‌ವಾಂಗರರು ನಿವೃತ್ತರಾದಾಗ ಯೇನಾ ಚಿಕಿತ್ಸಾಲಯದ ನಿರ್ದೇಶಕ ಪದವಿ ಅವರಿಗೆ ಒಲಿಯಿತು.

ನಿರ್ದೇಶಕರಾಗಿ ಬರ್ಗರರು ಶಿಸ್ತಿನ ಮೂರ್ತಿಯಂತಿದ್ದರು. ಗಡಿಯಾರದ ಮುಳ್ಳಿನಂತೆ ಅವರ ದಿನ ನಡೆಯುತ್ತಿತ್ತು. ಮಾತು ಕಡಿಮೆ, ಸಲಿಗೆ ಇಲ್ಲ. ಈ ಗಂಭೀರ ಮನುಷ್ಯ ಪ್ರತಿ ಸಂಜೆ ಚಿಕಿತ್ಸಾಲಯದ ಆವರಣದ ಒಂದು ಚಿಕ್ಕ ಕಟ್ಟಡದಲ್ಲಿ ಬಾಗಿಲು ಹಾಕಿಕೊಂಡು ಏನು ಮಾಡುತ್ತಾರೆಂಬುದು ಸಹೋದ್ಯೋಗಿಗಳಲ್ಲಿ ಹೆಚ್ಚಿನವರಿಗೆ ತಿಳಿದಿರಲಿಲ್ಲ. ಅಂದಿನ ವಿದ್ವಾಂಸರಿಗೆ ಮನಸ್ಸಿನ ಶಕ್ತಿಯನ್ನು ಅಳೆಯುವ ಮಾತು ನಗೆಪಾಟಲಿನ ವಿಷಯ. ಆದುದರಿಂದಲೇ ಅವರು ಯಾರಿಗೂ ಹೇಳದೆ ಒಬ್ಬರೇ ದುಡಿಯುತ್ತಿದ್ದರು.

1924ರ ಜುಲೈ 6ರಂದು ಆ ದುಡಿಮೆಗೆ ಮೊದಲ ಫಲ ದೊರೆಯಿತು. ಶಸ್ತ್ರಚಿಕಿತ್ಸೆಯ ಕಾರಣದಿಂದ ಬುರುಡೆಯ ಒಂದು ಭಾಗದಲ್ಲಿ ಮೂಳೆಯಿಲ್ಲದಿದ್ದ ಹದಿನೇಳು ವರ್ಷದ ತರುಣನೊಬ್ಬನ ತಲೆಗೆ ತಂತಿಗಳನ್ನು ಜೋಡಿಸಿ, ಅದರ ಇನ್ನೊಂದು ತುದಿಯನ್ನು ಗ್ಯಾಲ್ವನೊಮೀಟರ್ ಎಂಬ ವಿದ್ಯುತ್ ಮಾಪಕಕ್ಕೆ ಸೇರಿಸಿದಾಗ ಮಾಪಕ ಅತಿ ಸಣ್ಣದಾಗಿ ಅಲುಗಿತು. ಮೊಟ್ಟಮೊದಲ ಬಾರಿಗೆ ಮನುಷ್ಯನ ಮಿದುಳಿನ ವಿದ್ಯುತ್ತು ಮನುಷ್ಯನ ಕಣ್ಣಿಗೆ ಗೋಚರವಾಗಿತ್ತು. ಅದರ ಬಲ ಎಷ್ಟು ಕಿರಿದೆಂದರೆ, ಕೈದೀಪಕ್ಕೆ ಹಾಕುವ ಒಂದು ಶುಷ್ಕಕೋಶದಲ್ಲಿ ಒಂದೂವರೆ ವೋಲ್ಟ್ ವಿದ್ಯುತ್ತು ಇದ್ದರೆ, ಇಲ್ಲಿದ್ದುದು ಒಂದು ವೋಲ್ಟಿನ ಹತ್ತು ಸಾವಿರದಲ್ಲಿ ಒಂದು ಪಾಲು, ಅಥವಾ ಅದಕ್ಕಿಂತಲೂ ಕಡಿಮೆ.

ಇಪ್ಪತ್ತು ವರ್ಷಗಳಿಗೂ ಮೇಲಾಗಿ ಕಾದು ಕುಳಿತವನಿಗೆ ಇಂತಹ ಗಳಿಗೆಯಲ್ಲಿ ಜಗತ್ತಿಗೆಲ್ಲ ಸಾರಬೇಕೆಂದು ಅನ್ನಿಸುವುದು ಸಹಜ. ಬರ್ಗರರು ಹಾಗೆ ಮಾಡಲಿಲ್ಲ. ಅವರನ್ನು ಸಂಶಯ ಕಾಡಿತು. ಮಾಪಕ ಅಲುಗಿದ್ದು ಮಿದುಳಿನಿಂದಲೇ? ಹೃದಯವೂ ವಿದ್ಯುತ್ತನ್ನು ಹೊಮ್ಮಿಸುತ್ತದೆ. ನೆತ್ತಿಯ ಸ್ನಾಯುಗಳೂ ಹೊಮ್ಮಿಸುತ್ತವೆ. ಕಣ್ಣಿನ ಚಲನೆ, ಉಸಿರಾಟ, ರಕ್ತನಾಳಗಳ ಮಿಡಿತ ಇವುಗಳಲ್ಲಿ ಯಾವುದಾದರೂ ತಮ್ಮನ್ನು ಮೋಸಗೊಳಿಸುತ್ತಿರಬಹುದು. ಇವೆಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಿ ತಳ್ಳಿಹಾಕಲು ಅವರು ಐದು ವರ್ಷಗಳನ್ನು ವ್ಯಯಿಸಿದರು. ಹೃದಯದ ಲೇಖವನ್ನೂ ಮಿದುಳಿನ ಲೇಖವನ್ನೂ ಒಟ್ಟಿಗೇ ತೆಗೆದು ಹೋಲಿಸಿ ನೋಡಿದರು. ಹೊಸ ಹೊಸ ಮಾಪಕಗಳನ್ನು ತರಿಸಿದರು. ಮೂಳೆ ಸರಿಯಾಗಿಯೇ ಇರುವವರ ತಲೆಯಿಂದಲೂ ಲೇಖವನ್ನು ಪಡೆಯಬಹುದೆಂದು ಕಂಡುಕೊಂಡರು. ಅದಕ್ಕಾಗಿ ಮೊದಲು ತಮ್ಮ ತಲೆಯನ್ನೇ ಒಡ್ಡಿದರು. ಆಮೇಲೆ ಹದಿಹರೆಯದ ಮಗ ಕ್ಲಾಸನನ್ನು ಕೂರಿಸಿದರು. ಆ ಹುಡುಗನೊಬ್ಬನಿಂದಲೇ ಎಪ್ಪತ್ತಕ್ಕೂ ಹೆಚ್ಚು ಲೇಖಗಳನ್ನು ತೆಗೆದರು.

ಆ ಲೇಖಗಳಲ್ಲಿ ಒಂದು ಕ್ರಮ ಕಾಣಿಸಿತು. ಕಣ್ಣು ಮುಚ್ಚಿ ನೆಮ್ಮದಿಯಿಂದ ಕುಳಿತವನ ಮಿದುಳಿನಿಂದ ಸೆಕೆಂಡಿಗೆ ಸುಮಾರು ಹತ್ತರಂತೆ ಅಗಲವಾದ ಅಲೆಗಳು ಒಂದರ ಹಿಂದೊಂದು ಬರುತ್ತಿದ್ದವು. ಕಣ್ಣು ತೆರೆದೊಡನೆ, ಅಥವಾ ಮನಸ್ಸು ಯಾವುದಾದರೂ ಕೆಲಸದಲ್ಲಿ ತೊಡಗಿದೊಡನೆ ಆ ಅಲೆಗಳು ಅಡಗಿ, ಚಿಕ್ಕವೂ ವೇಗವಾದವೂ ಆದ ಅಲೆಗಳು ಕಾಣಿಸಿಕೊಳ್ಳುತ್ತಿದ್ದವು. ಮೊದಲನೆಯವನ್ನು ಬರ್ಗರರು ಆಲ್ಫಾ ಅಲೆಗಳೆಂದೂ ಎರಡನೆಯವನ್ನು ಬೀಟಾ ಅಲೆಗಳೆಂದೂ ಕರೆದರು. ಮಗಳು ಇಲ್ಸೆಗೆ ಮನಸ್ಸಿನಲ್ಲಿಯೇ ಮಾಡಬೇಕಾದ ಲೆಕ್ಕವೊಂದನ್ನು ಕೊಟ್ಟಾಗ, ಅವಳು ಉತ್ತರವನ್ನು ಹುಡುಕುತ್ತಿದ್ದಷ್ಟು ಕಾಲ ಆಲ್ಫಾ ಅಲೆಗಳು ಕುಗ್ಗಿದವು. ಗಾಳಿಯಿಲ್ಲದಾಗ ಕೆರೆಯ ನೀರಿನಲ್ಲಿ ಏಳುವ ಉದ್ದನೆಯ ತೆರೆಗಳು ಮೀನು ಬಲೆಗೆ ಬಿದ್ದೊಡನೆ ಚದುರಿಹೋಗುವಂತೆ ಅದು ತೋರುತ್ತಿತ್ತು.

1929ರಲ್ಲಿ ಬರ್ಗರರು ತಮ್ಮ ಮೊದಲ ಪ್ರಬಂಧವನ್ನು ಪ್ರಕಟಿಸಿದರು. ತಾವು ತೆಗೆದ ಲೇಖಕ್ಕೆ ಅವರು ಇಟ್ಟ ಹೆಸರು ಎಲೆಕ್ಟ್ರೋಎನ್‌ಸೆಫಲೋಗ್ರಾಂ. ಎಂದರೆ ಮಿದುಳಿನ ವಿದ್ಯುತ್ ಲೇಖ. ಇಂದು ಆಸ್ಪತ್ರೆಗಳಲ್ಲಿ ಇ.ಇ.ಜಿ. ಎಂದು ಕರೆಯುವುದು ಅದನ್ನೇ. ಮುಂದಿನ ಒಂಬತ್ತು ವರ್ಷಗಳಲ್ಲಿ ಅದೇ ಹೆಸರಿನ ಕೆಳಗೆ ಒಟ್ಟು ಹದಿನಾಲ್ಕು ವರದಿಗಳು ಬಂದವು. ನಿದ್ರೆ, ಅರಿವಳಿಕೆ, ಮೂರ್ಛೆರೋಗ, ಮಿದುಳಿನ ಗೆಡ್ಡೆ ಇವುಗಳಲ್ಲಿ ಅಲೆಗಳು ಹೇಗಿರುತ್ತವೆಂದು ಅವರು ನೋಡಿದರು. ರಕ್ತದಲ್ಲಿ ಸಕ್ಕರೆ ಕಡಿಮೆಯಾದಾಗ, ಮಾದಕವಸ್ತುಗಳು ಮಿದುಳಿಗೆ ತಲಪಿದಾಗ ಅವು ಹೇಗೆ ರೂಪ ಬದಲಿಸುತ್ತವೆಂಬುದನ್ನೂ ಪರೀಕ್ಷಿಸಿದರು. ಮಿದುಳಿನ ರಸಾಯನಕ್ಕೂ ಅದರ ವಿದ್ಯುತ್ತಿಗೂ ಇರುವ ನಂಟು ಅವರ ಕಣ್ಣಿಗೆ ಬಿದ್ದಿತ್ತು.

ಆದರೆ ವಿದ್ವತ್ ಪ್ರಪಂಚ ಕಿವಿಗೊಡಲಿಲ್ಲ. ನೂರಾರು ಕೋಟಿ ನರಕೋಶಗಳು ತಮ್ಮ ತಮ್ಮ ಪಾಡಿಗೆ ಗದ್ದಲವೆಬ್ಬಿಸುತ್ತಿರುವಾಗ ಇಷ್ಟು ಸರಳವಾದ, ಇಷ್ಟು ನಿಧಾನವಾದ ಅಲೆ ಬರಲು ಸಾಧ್ಯವೇ ಎಂದು ಪಂಡಿತರು ತಲೆಯಾಡಿಸಿದರು. ಬರ್ಗರರು ಕಂಡದ್ದು ಉಪಕರಣದ ದೋಷವಿರಬೇಕೆಂದು ಹಲವರು ಭಾವಿಸಿದರು. ಐದು ವರ್ಷಗಳ ಕಾಲ ಅವರ ಪ್ರಬಂಧಗಳು ಕಪಾಟುಗಳಲ್ಲಿ ಧೂಳು ತಿಂದವು.

ಕೊನೆಗೆ ನ್ಯಾಯ ದೊರೆತದ್ದು ಸಂಶಯಪಟ್ಟವರಿಂದಲೇ. ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿದ್ದ ಎಡ್ಗರ್ ಏಡ್ರಿಯನ್ ನರಗಳ ವಿದ್ಯುತ್ತಿನ ಬಗೆಗೆ ಕೆಲಸ ಮಾಡಿ 1932ರ ನೊಬೆಲ್ ಬಹುಮಾನವನ್ನು ಹಂಚಿಕೊಂಡಿದ್ದ ಮಹಾವಿಜ್ಞಾನಿ. ಬರ್ಗರರ ಮಾತನ್ನು ಅವರೂ ನಂಬಿರಲಿಲ್ಲ. ಆದರೆ ನಂಬದಿದ್ದುದನ್ನು ಪರೀಕ್ಷಿಸದೆ ತಳ್ಳುವ ಸ್ವಭಾವ ಅವರದಲ್ಲ. ತಮ್ಮ ಜೊತೆಗಾರ ಮ್ಯಾಥ್ಯೂಸರೊಡನೆ ಉತ್ತಮ ಉಪಕರಣಗಳನ್ನು ಅಣಿಗೊಳಿಸಿ, ತಮ್ಮ ತಲೆಗೇ ತಂತಿ ಹಚ್ಚಿಕೊಂಡು ಕುಳಿತರು. ಕಣ್ಣು ಮುಚ್ಚಿದರೆ ಅಲೆಗಳು ಬಂದವು. ಕಣ್ಣು ತೆರೆದರೆ ಅಡಗಿದವು. ಬರ್ಗರರು ಹೇಳಿದ್ದೆಲ್ಲವೂ ನಿಜವಾಗಿತ್ತು. 1934ರಲ್ಲಿ ಏಡ್ರಿಯನ್ನರು ವಿಜ್ಞಾನಿಗಳ ಸಭೆಯೆದುರು ಇದನ್ನು ಪ್ರದರ್ಶಿಸಿ, ಆ ಅಲೆಗಳಿಗೆ ಬರ್ಗರ್ ಲಯ ಎಂದು ಹೆಸರಿಟ್ಟರು. ಒಬ್ಬ ದೊಡ್ಡ ವಿಜ್ಞಾನಿ ತನ್ನ ತಪ್ಪನ್ನು ತಿದ್ದಿಕೊಂಡು, ಕೀರ್ತಿಯನ್ನು ಅದು ಸಲ್ಲಬೇಕಾದವರಿಗೆ ಸಲ್ಲಿಸಿದ ಈ ನಿದರ್ಶನ ವಿಜ್ಞಾನದ ಚರಿತ್ರೆಯಲ್ಲಿ ನೆನೆಯತಕ್ಕದ್ದು.

ಅಲ್ಲಿಂದ ಮುಂದೆ ವಿದ್ಯುತ್ ಲೇಖದ ವಿದ್ಯೆ ಬೇಗಬೇಗನೆ ಬೆಳೆಯಿತು. 1935ರಲ್ಲಿ ಅಮೆರಿಕದ ಗಿಬ್ಸ್, ಡೇವಿಸ್ ಮತ್ತು ಲೆನಾಕ್ಸ್ ಎಂಬವರು, ಮಕ್ಕಳನ್ನು ಕೆಲವು ಕ್ಷಣ ಮೈಮರೆಯುವಂತೆ ಮಾಡುವ ಒಂದು ಬಗೆಯ ಅಪಸ್ಮಾರದಲ್ಲಿ ಸೆಕೆಂಡಿಗೆ ಮೂರರಂತೆ ಮೊನಚಾದ ವಿಶಿಷ್ಟ ಅಲೆಗಳು ಏಳುವುದನ್ನು ತೋರಿಸಿದರು. ಮರುವರ್ಷ ಇಂಗ್ಲೆಂಡಿನ ಗ್ರೇ ವಾಲ್ಟರ್ ಎಂಬವರು ನಿಧಾನವಾದ ಅಲೆಗಳ ಜಾಡು ಹಿಡಿದು ಮಿದುಳಿನ ಗೆಡ್ಡೆ ಎಲ್ಲಿದೆ ಎಂಬುದನ್ನು ಹೊರಗಿನಿಂದಲೇ ಗುರುತಿಸಿದರು. 1937ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಬರ್ಗರರು ಏಡ್ರಿಯನ್ನರ ಪಕ್ಕದಲ್ಲಿ ಅಧ್ಯಕ್ಷ ಪೀಠವನ್ನು ಹಂಚಿಕೊಂಡರು. ಅರವತ್ತನಾಲ್ಕು ವರ್ಷದ ಆ ವೃದ್ಧರಿಗೆ ಹೊರದೇಶದಲ್ಲಿ ದೊರೆತ ಮನ್ನಣೆ ತಮ್ಮ ದೇಶದಲ್ಲಿ ದೊರೆತಿರಲಿಲ್ಲ.

ಬರ್ಗರರ ಬದುಕಿನ ಕಥೆಯನ್ನು ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಸತ್ಯವನ್ನು ಮರೆಮಾಚುವುದು ಚರಿತ್ರೆಗೆ ತಕ್ಕುದಲ್ಲ. 1933ರಲ್ಲಿ ಜರ್ಮನಿಯ ಆಡಳಿತ ಹಿಟ್ಲರನ ಕೈಗೆ ಸೇರಿತು. ಅದೇ ವರ್ಷ ಹೊರಟ ಒಂದು ಕಾನೂನಿನ ಪ್ರಕಾರ, ವಂಶಪಾರಂಪರ್ಯವೆಂದು ಹೇಳಲಾದ ಕೆಲವು ಕಾಯಿಲೆಗಳುಳ್ಳವರಿಗೆ ಮಕ್ಕಳಾಗದಂತೆ ಬಲವಂತದ ಶಸ್ತ್ರಚಿಕಿತ್ಸೆ ಮಾಡಲಾಗುತ್ತಿತ್ತು. ಆ ಕಾಯಿಲೆಗಳ ಪಟ್ಟಿಯಲ್ಲಿ ಅಪಸ್ಮಾರವೂ ಇತ್ತು. ಹಿಟ್ಲರನ ಆಳ್ವಿಕೆ ಮುಗಿಯುವಷ್ಟರಲ್ಲಿ ಸುಮಾರು ನಾಲ್ಕು ಲಕ್ಷ ಜನ ಈ ಕ್ರೂರ ಕಾನೂನಿಗೆ ಬಲಿಯಾದರು. ಯಾರಿಗೆ ಈ ಶಸ್ತ್ರಚಿಕಿತ್ಸೆ ಆಗಬೇಕೆಂದು ತೀರ್ಮಾನಿಸಲು ವಿಶೇಷ ನ್ಯಾಯಾಲಯಗಳಿದ್ದವು. ಯೇನಾ ನಗರದಲ್ಲಿದ್ದ ಅಂತಹ ಮೇಲ್ಮನವಿ ನ್ಯಾಯಾಲಯದಲ್ಲಿ ಬರ್ಗರರು ವೈದ್ಯ ಸದಸ್ಯರಾಗಿ ಕುಳಿತಿದ್ದರು. ಅವರು ನಾಜಿಗಳ ಕಿರುಕುಳಕ್ಕೆ ಗುರಿಯಾದವರೆಂದು ಬಹುಕಾಲ ಜನ ನಂಬಿದ್ದರು. ಆದರೆ ಈಚಿನ ದಶಕಗಳಲ್ಲಿ ಸಂಶೋಧಕರು ಹಳೆಯ ಕಡತಗಳನ್ನು ಬಿಚ್ಚಿ ನೋಡಿ, ನಿಜ ಸಂಗತಿ ಬೇರೆಯೆಂದು ತೋರಿಸಿದ್ದಾರೆ.

ಅಪಸ್ಮಾರದ ರೋಗಿಗಳಿಗೆ ಬೆಳಕಾಗುವ ಸಾಧನವನ್ನು ಕೊಟ್ಟವರೇ ಅಂತಹ ರೋಗಿಗಳ ಬದುಕನ್ನು ಮೊಟಕುಗೊಳಿಸುವ ಪೀಠದ ಮೇಲೂ ಕುಳಿತರೆಂಬುದು ಮನಸ್ಸನ್ನು ಕಲಕುವ ಸಂಗತಿ. ತಮ್ಮ ಲೇಖದಲ್ಲಿ ಕಾಣುವ ಪ್ರತಿಯೊಂದು ಗೀಟನ್ನೂ ಐದು ವರ್ಷ ಸಂಶಯದಿಂದ ಪರೀಕ್ಷಿಸಿದ ಮನುಷ್ಯ, ತಮ್ಮ ದೇಶದ ಆಳರಸರ ಆಜ್ಞೆಯನ್ನು ಅದೇ ಸಂಶಯದಿಂದ ಪರೀಕ್ಷಿಸಲಿಲ್ಲ. ಜಾಣ್ಮೆ ಒಂದು, ವಿವೇಕ ಇನ್ನೊಂದು. ಒಂದಿದ್ದ ಮಾತ್ರಕ್ಕೆ ಇನ್ನೊಂದು ತಾನಾಗಿ ಬರುವುದಿಲ್ಲ.

1938ರಲ್ಲಿ ಬರ್ಗರರು ನಿವೃತ್ತರಾದರು. ಪ್ರಯೋಗಶಾಲೆ ಕೈಬಿಟ್ಟಿತು. 1940ರಲ್ಲಿ ಅವರು ಬರೆದ ಕೊನೆಯ ಪುಸ್ತಕದಲ್ಲಿ, ಕುದುರೆಯಿಂದ ಬಿದ್ದ ಆ ಹಳೆಯ ಘಟನೆಯ ನೆನಪೂ ಮನಸ್ಸಿನ ಶಕ್ತಿಯ ವಿಚಾರವೂ ಮತ್ತೆ ಬಂದವು. ಮನಸ್ಸಿನಿಂದ ಮನಸ್ಸಿಗೆ ಹರಿಯುವ ಆ ಶಕ್ತಿಯನ್ನು ಅವರು ಕಾಣಲೇ ಇಲ್ಲ. ಅವರು ಕಂಡ ಅಲೆಗಳು ತಲೆಯ ಚರ್ಮವನ್ನು ದಾಟಿ ದೂರ ಹೋಗಲಾರದಷ್ಟು ಕ್ಷೀಣವಾದವು. ಅಕ್ಕನಿಗೆ ಸುದ್ದಿ ಒಯ್ಯುವ ಬಲ ಅವಕ್ಕಿರಲಿಲ್ಲ. ಹೃದಯದ ಬೇನೆಯೂ ಮನಸ್ಸಿನ ಖಿನ್ನತೆಯೂ ಸೇರಿ ಅವರನ್ನು ಜರ್ಜರಿತಗೊಳಿಸಿದವು. 1941ರ ಜೂನ್ 1ರಂದು, ಸಾವಿರಾರು ಮನೋರೋಗಿಗಳಿಗೆ ಚಿಕಿತ್ಸೆ ನೀಡಿದ ಆ ವೈದ್ಯರು ತಾವೇ ಖಿನ್ನತೆಗೆ ತುತ್ತಾಗಿ ಪ್ರಾಣವನ್ನು ಕಳೆದುಕೊಂಡರು. ಖಿನ್ನತೆಯೂ ಜ್ವರದಂತೆ ಒಂದು ರೋಗ. ವೈದ್ಯನನ್ನೂ ಅದು ಬಿಡುವುದಿಲ್ಲ. ಅದಕ್ಕೂ ಚಿಕಿತ್ಸೆಯುಂಟು, ಹೇಳಿಕೊಂಡರೆ ನೆರವುಂಟು ಎಂಬ ತಿಳಿವಳಿಕೆ ಅಂದು ಇಂದಿನಷ್ಟು ಬೆಳೆದಿರಲಿಲ್ಲ.

ಬರ್ಗರರು ಹೋದರು, ಅವರ ಪ್ರಶ್ನೆಗಳು ಉಳಿದವು. ಮಿದುಳಿನ ರಕ್ತಸಂಚಾರವನ್ನು ಅವರು 1901ರಲ್ಲಿ ಬುರುಡೆಯ ಬಿರುಕಿನಲ್ಲಿ ಇಣುಕಿ ನೋಡಿದ್ದರು. ಇಂದು ಬುರುಡೆಯನ್ನು ಮುಟ್ಟದೆಯೇ ಆ ರಕ್ತದ ಹರಿವನ್ನು ಚಿತ್ರವಾಗಿ ನೋಡುವ ಯಂತ್ರಗಳು ಬಂದಿವೆ. 1971ರಲ್ಲಿ ಎಕ್ಸ್-ಕಿರಣಗಳಿಂದ ಮಿದುಳಿನ ಅಡ್ಡಪದರಗಳನ್ನು ತೋರಿಸುವ ಸಿ.ಟಿ. ಯಂತ್ರ ಇಂಗ್ಲೆಂಡಿನಲ್ಲಿ ಮೊದಲ ರೋಗಿಯನ್ನು ಪರೀಕ್ಷಿಸಿತು. ಅನಂತರ ಕಾಂತಬಲದಿಂದ ಕೆಲಸ ಮಾಡುವ ಎಂ.ಆರ್.ಐ. ಬಂದಿತು. ಮಿದುಳಿನ ಯಾವ ಭಾಗ ಎಷ್ಟು ಸಕ್ಕರೆಯನ್ನು ಬಳಸುತ್ತಿದೆ ಎಂಬುದನ್ನು ತೋರಿಸುವ ಪೆಟ್ ಯಂತ್ರವೂ ಬಂದಿತು. ಉಂಡ ಅನ್ನ ಮಿದುಳಿನಲ್ಲಿ ಏನಾಗುತ್ತದೆ ಎಂದು ಉಷ್ಣಮಾಪಕ ಹಿಡಿದು ಬರ್ಗರರು ಕೇಳಿದ ಪ್ರಶ್ನೆಯನ್ನೇ ಈ ಯಂತ್ರಗಳು ಇನ್ನೂ ಸೂಕ್ಷ್ಮವಾಗಿ ಕೇಳುತ್ತಿವೆ. ಆದರೂ ಇ.ಇ.ಜಿ. ಮೂಲೆಗೆ ಸರಿದಿಲ್ಲ. ಗಳಿಗೆಗಳಿಗೆಗೂ ಬದಲಾಗುವ ಮಿದುಳಿನ ವಿದ್ಯುತ್ತನ್ನು ಬದಲಾದ ಕ್ಷಣದಲ್ಲಿಯೇ ಹಿಡಿಯುವುದರಲ್ಲಿ ಅದು ಇಂದಿಗೂ ವೈದ್ಯರ ಬಲಗೈ.

ಈ ವಿದ್ಯೆಯ ಒಂದು ಕವಲು ಕರ್ನಾಟಕಕ್ಕೂ ಹರಿದು ಬಂದಿತು. ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಅವರ ಸಂಗಡಿಗರು 1970ರ ದಶಕದ ಆರಂಭದಲ್ಲಿ ಬಿಸಿನೀರಿನ ಅಪಸ್ಮಾರದ ಕಡೆಗೆ ವೈದ್ಯಲೋಕದ ಗಮನ ಸೆಳೆದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು 1988ರಲ್ಲಿ ಇಂತಹ 279 ರೋಗಿಗಳ ವಿವರಗಳನ್ನು ಪ್ರಕಟಿಸಿದರು. ಚಾಮರಾಜನಗರ ಜಿಲ್ಲೆಗೆ ಸೇರಿದ ಯಳಂದೂರಿನ ಸುತ್ತಿನಲ್ಲಿ ಡಾ. ಮಣಿಯವರು 1990ರ ದಶಕದಲ್ಲಿ ಸುಮಾರು 65 ಸಾವಿರ ಜನರಿದ್ದ ಹಳ್ಳಿಗಳ ಸಮೀಕ್ಷೆ ನಡೆಸಿದರು. ಅಪಸ್ಮಾರವಿದ್ದವರಲ್ಲಿ ನೂರಕ್ಕೆ ಸುಮಾರು ಏಳು ಜನರಿಗೆ ಬಿಸಿನೀರಿನಿಂದಲೇ ಮೂರ್ಛೆ ಬರುವುದೆಂದು ಅದರಿಂದ ತಿಳಿಯಿತು. ಕಡಿಮೆ ಬೆಲೆಯ ಮಾತ್ರೆಗಳನ್ನು ತಪ್ಪದೆ ನುಂಗಿದರೆ ಹಳ್ಳಿಯ ಅಪಸ್ಮಾರದ ರೋಗಿಗಳಲ್ಲಿ ಅನೇಕರು ಮೂರ್ಛೆಯಿಂದ ಪಾರಾಗಬಲ್ಲರೆಂಬುದನ್ನೂ ಆ ಕೆಲಸ ತೋರಿಸಿಕೊಟ್ಟಿತು.

ಈ ಸಂಶೋಧನೆಗಳಲ್ಲಿ ಬರ್ಗರರ ಎರಡು ದಾರಿಗಳೂ ಕೂಡಿಕೊಂಡವು. ಬಿಸಿನೀರಿನ ಅಪಸ್ಮಾರವುಳ್ಳ ಬಹುಮಂದಿಯ ವಿದ್ಯುತ್ ಲೇಖ ಬೇರೆ ಸಮಯದಲ್ಲಿ ಸಹಜವಾಗಿಯೇ ಇರುತ್ತದೆ. ಮೂರ್ಛೆಯ ವೇಳೆಯಲ್ಲಿ ಲೇಖ ದೊರೆತ ಕೆಲವರಲ್ಲಿ ಕಿವಿಯ ಮೇಲ್ಭಾಗದ ಮಿದುಳಿನ ಹಾಲೆಯಿಂದ ವಿದ್ಯುತ್ತಿನ ಬಿರುಗಾಳಿ ಏಳುವುದು ಕಂಡುಬಂದಿತು. ರಕ್ತದ ಹರಿವನ್ನು ತೋರಿಸುವ ಚಿತ್ರಗಳಲ್ಲಿಯೂ, ಅದೇ ಹಾಲೆಯಲ್ಲಿ ಮತ್ತು ಮೈಯ ಶಾಖವನ್ನು ಹದದಲ್ಲಿಡುವ ಮಿದುಳಿನ ಕೇಂದ್ರದಲ್ಲಿ ಮೂರ್ಛೆಯ ಹೊತ್ತಿಗೆ ರಕ್ತ ಏರುವುದು ಕಾಣಿಸಿತು. ಪರಿಹಾರವೂ ಕೈಗೆಟುಕುವಂಥದೇ. ನೀರಿನ ಬಿಸಿಯನ್ನು ಕಡಿಮೆ ಮಾಡುವುದು, ತಲೆಯ ಮೇಲೆ ಚೊಂಬುಚೊಂಬಾಗಿ ಸುರಿಯದಿರುವುದು ಹಲವರಿಗೆ ಸಾಕಾಗುತ್ತದೆ. ಉಳಿದವರಿಗೆ ವೈದ್ಯರು ಮಾತ್ರೆಯನ್ನು ಕೊಡುತ್ತಾರೆ.

ಬರ್ಗರರು ಹುಡುಕಿದ್ದು ಒಂದು, ಅವರಿಗೆ ದೊರೆತದ್ದು ಮತ್ತೊಂದು. ಮನಸ್ಸಿನ ರಹಸ್ಯವನ್ನು ಅರಸಿ ಹೊರಟವರಿಗೆ ಮಿದುಳಿನ ಅಲೆಗಳು ಸಿಕ್ಕಿದವು. ಸಿಕ್ಕಿದ್ದು ಬಯಸಿದ್ದಲ್ಲವೆಂದು ಅವರು ಅದನ್ನು ಎಸೆಯಲಿಲ್ಲ. ಐದು ವರ್ಷ ತೊಳೆದು, ತಿಕ್ಕಿ, ಒರೆಗಲ್ಲಿಗೆ ಹಚ್ಚಿ ಲೋಕದ ಕೈಗಿತ್ತರು. ಅವರ ತಾಳ್ಮೆಯನ್ನೂ ಪ್ರಾಮಾಣಿಕವಾದ ಸಂಶಯವನ್ನೂ ಎಳೆಯರು ಕಲಿಯಬೇಕು. ಅವರು ಎಡವಿದ ಕಡೆಯಲ್ಲಿ ತಾವು ಎಡವದಂತೆ ಎಚ್ಚರವನ್ನೂ ಕಲಿಯಬೇಕು.

ಗುಂಡ್ಲುಪೇಟೆಯ ಕಡೆಯ ಹಳ್ಳಿಯೊಂದರ ಬಚ್ಚಲಿನಲ್ಲಿ ಇಂದು ಒಬ್ಬ ತಾಯಿ ಹಂಡೆಯ ಬಿಸಿನೀರಿಗೆ ತಣ್ಣೀರು ಬೆರೆಸಿ, ಕೈಯದ್ದಿ ನೋಡಿ, ಹದವಾಯಿತೆಂದು ತಿಳಿದ ಮೇಲೆ ಮಗನ ಮೈಗೆ ನೀರು ಹಾಕುತ್ತಾಳೆ. ಮಗ ನಗುತ್ತ ಮಿಂದು, ತಲೆಯೊರಸಿಕೊಂಡು ಶಾಲೆಗೆ ಹೊರಡುತ್ತಾನೆ. ಯೇನಾ ಎಂಬ ಊರು ಎಲ್ಲಿದೆಯೆಂದು ಆ ತಾಯಿಗೆ ತಿಳಿಯದು. ಒಂದು ಸಂಜೆ ಅಲ್ಲಿ ಬಾಗಿಲು ಹಾಕಿಕೊಂಡು ಕುಳಿತ ವೈದ್ಯರೊಬ್ಬರ ಮಾಪಕದ ತಂತಿ ಕೂದಲೆಳೆಯಷ್ಟು ಅಲುಗಿದ್ದರ ಫಲ ಅವಳ ಮನೆಯ ಬಚ್ಚಲಿನವರೆಗೂ ಬಂದಿದೆ.